ಹೈಡ್ರೋಜನ್, ನಾಳೆ ಬಾ

ದೆವ್ವಗಳಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಓದುತ್ತಾ ಹೋದಂತೆ ನಿಮಗೆ ಅನುಮಾನ ಬರಬಹುದು. ನಾನು ಮೊಳಕಾಲ್ಮೂರಿನ ಒಂದು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಮನೆ ಚಳ್ಳಕೆರೆಯಲ್ಲಿ, ದಿನಾ ಬಸ್ಸು. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂದು ನಂಬಿದವನು, ಮಕ್ಕಳಿಗೂ ಅದನ್ನೇ ಹೇಳುವವನು. ಇಂಥವು ನಡೆಯುವುದು ಅಂಥವನ ಮುಂದೆಯೇ. ನಡೆದರೆ ನಡೆಯಲಿ, ಪ್ರತಿಯೊಂದಕ್ಕೂ ನನ್ನ ಹತ್ತಿರ ಕಾರಣವಿರುತ್ತದೆ. ಆದರೆ ನಾನು ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕೇಳಬೇಕಾದವರು ಓಡಿಹೋಗಿರುತ್ತಾರೆ.

ಎಲ್ಲದಕ್ಕೂ ಮೂಲ ಲೋಹಗಳ ಕ್ರಿಯಾಶೀಲತೆಯ ಸರಣಿ. ಪೊಟ್ಯಾಸಿಯಂನಿಂದ ಚಿನ್ನದವರೆಗೆ ಲೋಹಗಳು ಸಾಲಾಗಿ ನಿಂತಿರುತ್ತವೆ. ಚುರುಕಾದದ್ದು ಮೇಲೆ, ಜಡವಾದದ್ದು ಕೆಳಗೆ. ಸೀಸಕ್ಕೂ ತಾಮ್ರಕ್ಕೂ ನಡುವೆ, ಲೋಹವಲ್ಲದಿದ್ದರೂ, ಹೈಡ್ರೋಜನ್ ಒಂದು ಜಾಗ ಹಿಡಿದಿದೆ. ಕೆಳಗಿನ ಲೋಹದ ಅಯಾನುಗಳಿರುವ ದ್ರಾವಣಕ್ಕೆ ಮೇಲಿನ ಲೋಹವನ್ನು ಹಾಕಿದರೆ, ಮೇಲಿನದು ಒಳಗೆ ಹೋಗಿ ಕೆಳಗಿನದನ್ನು ಹೊರಗೆ ಹಾಕುತ್ತದೆ. ಇಷ್ಟೇ ವಿಷಯ. ಪರೀಕ್ಷೆಯಲ್ಲಿ ಇದು ತಪ್ಪದೆ ಬರುತ್ತದೆ, ಮಕ್ಕಳಿಗೆ ಇದು ತಪ್ಪದೆ ಮರೆತುಹೋಗುತ್ತದೆ. ನಾನು ಶಾಲೆಯಲ್ಲಿ ಕಲಿತ ಇಂಗ್ಲಿಷ್ ವಾಕ್ಯವೊಂದನ್ನು ಹೇಳಿಕೊಟ್ಟಿದ್ದೆ, ಅದರ ಪ್ರತಿ ಪದದ ಮೊದಲ ಅಕ್ಷರ ಒಂದೊಂದು ಲೋಹಕ್ಕೆ ಗುರುತು. ಅದರಲ್ಲಿ ಜಿಂಕಿನ ಗುರುತಿಗೆ ಒಂದು ಜೀಬ್ರಾ ಬರುತ್ತಿತ್ತು. ತರಗತಿ ಆ ಜೀಬ್ರಾವನ್ನು ಗೌರವದಿಂದ ಬರೆದುಕೊಂಡು, ಅಲ್ಲಿಗೇ ಬಿಟ್ಟಿತು.

೧. ಕಿಟಕಿಯ ಆಚೆಗಿನದು

ಆ ವರ್ಷ ದ್ವಿತೀಯ ಪಿಯುನಲ್ಲಿ ನೇಕಾರರ ಓಣಿಯ ಹುಡುಗಿಯೊಬ್ಬಳಿದ್ದಳು. ಹತ್ತನೆಯವರೆಗೆ ಕನ್ನಡ ಮಾಧ್ಯಮ. ಉಳಿದ ವಿಷಯಗಳನ್ನು ಹೇಗೋ ದಾಟಿದ್ದಳು, ಕೆಮಿಸ್ಟ್ರಿಯಲ್ಲಿ ಅರ್ಧವಾರ್ಷಿಕಕ್ಕೆ ನಾನೇ ಫೇಲು ಮಾಡಿದ್ದೆ. ಅವಳಿಗೆ ನರ್ಸಿಂಗ್ ಓದುವ ಆಸೆ. ಆ ಮನೆಯಲ್ಲಿ ಕೊನೆಯ ಮಾತು ಅಜ್ಜಿಯದು. ಪಾಸಾದರೆ ಎಲ್ಲಿ ಬೇಕಾದರೂ ಓದು, ಫೇಲಾದರೆ ಮಗ್ಗದ ಗುಂಡಿಗೆ ಇಳಿ, ಆಮೇಲೆ ಮೇಲೆ ಬರುವ ಮಾತಿಲ್ಲ ಎಂದು ಅಜ್ಜಿ ತೀರ್ಮಾನ ಕೊಟ್ಟಿದ್ದರು. ಅಲ್ಲಿಯವರೆಗೆ ಅರ್ಧ ದಿನ ಕಾಲೇಜು, ಅರ್ಧ ದಿನ ಮಗ್ಗ.

ಒಂದು ದಿನ ಬಸ್ಸು ದಾರಿಯಲ್ಲಿ ಕೆಟ್ಟು, ಮೊಳಕಾಲ್ಮೂರು ಮುಟ್ಟುವಾಗ ಮಟಮಟ ಮಧ್ಯಾಹ್ನ. ಹತ್ತಿರದ ದಾರಿಯೆಂದು ನೇಕಾರರ ಓಣಿಯಲ್ಲಿ ಹೊರಟೆ. ಊಟದ ಹೊತ್ತು. ಮಗ್ಗಗಳೆಲ್ಲ ನಿಂತಿದ್ದವು. ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಊರ ಹಿಂದಿನ ಬಂಡೆಗುಡ್ಡದ ಮೇಲಿಂದ ಬಿಸಿಗಾಳಿ ಬಂದು ಮುಚ್ಚಿದ ಬಾಗಿಲುಗಳನ್ನು ಒಂದೊಂದಾಗಿ ಅಲುಗಿಸಿ ನೋಡಿ ಮುಂದೆ ಹೋಗುತ್ತಿತ್ತು. ಆಗ ನೆಲದ ಮಟ್ಟದಿಂದ ಒಂದು ಧ್ವನಿ ಕೇಳಿಸಿತು.

"ಪೊಟ್ಯಾಸಿಯಂ." ಟಕ್. "ಸೋಡಿಯಂ." ಟಕ್. "ಕ್ಯಾಲ್ಸಿಯಂ." ಟಕ್.

ಗುಂಡಿ ಮಗ್ಗದಲ್ಲಿ ನೇಯುವವರ ಕಾಲು ನೆಲದೊಳಗಿರುತ್ತದೆ, ಅದಕ್ಕೇ ಧ್ವನಿ ಮಣ್ಣಿನಿಂದ ಎದ್ದಂತೆ ಬರುತ್ತದೆ. ಇದು ಗೊತ್ತಿದ್ದೂ ಒಂದು ಸಲ ಹಿಂದೆ ತಿರುಗಿ ನೋಡಿದೆ. ಧ್ವನಿ ಲಾಳಿಯ ಲಯದಲ್ಲಿ ಇಳಿಯುತ್ತಾ ಬಂತು. ಜಿಂಕ್, ಕಬ್ಬಿಣ, ಸೀಸ. ಸೀಸದ ಹತ್ತಿರ ಮಗ್ಗ ನಿಂತಿತು. ಮತ್ತೆ ಮೊದಲಿನಿಂದ. ಮತ್ತೆ ಸೀಸದ ಹತ್ತಿರ ನಿಂತಿತು. ಮೂರನೆಯ ಸಲವೂ ಹಾಗೇ ಆದಾಗ ನನ್ನಿಂದ ತಡೆಯಲಾಗಲಿಲ್ಲ. ಗೋಣಿತಾಟು ಇಳಿಬಿಟ್ಟ ಕಿಟಕಿಗೆ ಬಾಯಿ ಹತ್ತಿರ ತಂದು, ತರಗತಿಯಲ್ಲಿ ಹೇಳುವ ಹಾಗೆಯೇ ಸ್ಪಷ್ಟವಾಗಿ, "ಹೈಡ್ರೋಜನ್" ಎಂದೆ.

ಒಳಗೆ ಒಂದು ತಂಬಿಗೆ ಉರುಳಿತು. ನನಗೆ ಕ್ಲಾಸಿಗೆ ಹೊತ್ತಾಗಿತ್ತು, ಹೊರಟೆ.

ಮರುದಿನ ಹುಡುಗಿ ಬರಲಿಲ್ಲ. ನಮ್ಮ ಲ್ಯಾಬ್ ಅಟೆಂಡರ್ ಅದೇ ಓಣಿಯವನು. ಮಧ್ಯಾಹ್ನ ಆ ಮನೆಯ ಕಿಟಕಿಗೆ ಏನೋ ಬಂದಿತ್ತಂತೆ, ಬಂದದ್ದು ತನ್ನ ಹೆಸರನ್ನೂ ಹೇಳಿತಂತೆ, ಸಾಮಾನ್ಯವಾಗಿ ಅವು ಹೆಸರು ಹೇಳುವುದಿಲ್ಲ ಎಂದು ವರದಿ ಕೊಟ್ಟ. ಅದು ನಾನೇ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಂದು ಹೆಜ್ಜೆ ಹಿಂದೆ ಸರಿದ.

"ನಿಮ್ಮ ದನೀಲೇ ಬಂದಿತ್ತು ಅಂತಾನೂ ಅಂದ್ರು ಸಾರ್. ಅವು ಪರಿಚಯದೋರ ದನೀಲೇ ಬರ್ತಾವೆ."

ಎರಡು ದಿನ ಬಿಟ್ಟು ಆ ಓಣಿಯಲ್ಲಿ ಹೋದೆ. ಮನೆಗೆ ಬರುವ ದೆವ್ವ ಓದಿಕೊಂಡು ಹಿಂದಿರುಗಲಿ ಎಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುವುದು ನಮ್ಮ ಕಡೆಯ ಹಳೆಯ ಉಪಾಯ. ದೆವ್ವ ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಅವರ ಬಾಗಿಲ ಮೇಲೆ ಸುಣ್ಣದಲ್ಲಿ ದಪ್ಪಗೆ ಬರೆದಿತ್ತು: ಹೈಡ್ರೋಜನ್, ನಾಳೆ ಬಾ.

ಸೀಸ ಆದ ಮೇಲೆ ಏನು ಬರುತ್ತದೆ ಎನ್ನುವುದನ್ನು ಆ ಮನೆಯಲ್ಲಿ ಆಮೇಲೆ ಯಾರೂ ಮರೆಯಲಿಲ್ಲ.

೨. ಕಪ್ಪು ಬೆರಳು

ಸಿಲ್ವರ್ ನೈಟ್ರೇಟ್ ದ್ರಾವಣ ನೋಡಲು ನೀರಿನಂತೆಯೇ ಇರುತ್ತದೆ. ಕೈಗೆ ತಾಗಿದರೆ ಆಗ ಏನೂ ಕಾಣುವುದಿಲ್ಲ. ಬಿಸಿಲು ಬಿದ್ದ ಮೇಲೆ ಅದರಲ್ಲಿರುವ ಬೆಳ್ಳಿ ಬಿಡಿಸಿಕೊಂಡು ಚರ್ಮವನ್ನು ಕಪ್ಪು ಮಾಡುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಇದನ್ನು ಹೇಳಿ, ಎಚ್ಚರಿಸಿ, ಹುಡುಗಿಯರ ಬ್ಯಾಚಿಗೆ ಲ್ಯಾಬಿನಲ್ಲಿ ಕೊಟ್ಟಿದ್ದೆ. ನೇಕಾರರ ಹುಡುಗಿ ಚೆಲ್ಲಿಕೊಂಡು, ನೀರೆಂದುಕೊಂಡು ಲಂಗಕ್ಕೆ ಒರೆಸಿಕೊಂಡಿದ್ದಳು.

ಮರುದಿನ ಬೆಳಿಗ್ಗೆ ಅವಳ ಬಲಗೈ ಬೆರಳ ತುದಿಗಳು ಕಾಡಿಗೆಯಂತಾಗಿದ್ದವು. ಕಿಟಕಿಗೆ ಬಂದದ್ದೇ ಕೈ ಹಿಡಿದಿದೆ ಎಂದು ಮನೆಯಲ್ಲಿ ತೀರ್ಮಾನವಾಯಿತು. ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಕಾಲೇಜಿಗೇ ಬಂದರು. ಸಣಕಲು ಮೈ, ಸೊಂಟದಲ್ಲಿ ಎಲೆಅಡಿಕೆ ಚೀಲ, ಮಗ್ಗದ ಮುಂದೆ ಬಾಗಿಯೇ ಉಳಿದ ಬೆನ್ನು. ಲ್ಯಾಬಿನ ಹೊಸ್ತಿಲು ದಾಟಲಿಲ್ಲ. ಹೊರಗೇ ನಿಂತು ಒಳಗಿನ ಬಾಟಲಿಗಳನ್ನು ಸಾಲಾಗಿ ನೋಡಿದರು.

"ಈ ರೂಮಿನಾಗೆ ಮೊದ್ಲು ಯಾರು ಸತ್ತಿದ್ರು ಸಾರ್?"

ಯಾರೂ ಸತ್ತಿಲ್ಲ ಎಂದೆ. ನನ್ನ ಹಿಂದೆ ನಿಂತಿದ್ದ ಅಟೆಂಡರ್ ಕೆಮ್ಮಿದ.

ಬೆಳ್ಳಿ, ಬಿಸಿಲು, ಕಪ್ಪು ಎಲ್ಲವನ್ನೂ ವಿವರಿಸಿದೆ. ಅಜ್ಜಿ ತಾಳ್ಮೆಯಿಂದ ಕೇಳಿದರು. ಅವರ ಕನ್ನಡದ ನಡುನಡುವೆ ತೆಲುಗು ಬಂದು ಹೋಗುತ್ತಿತ್ತು. ತಾವು ಜರಿ ಸೀರೆ ನೇಯುವವರು, ಬೆಳ್ಳಿ ತಮಗೆ ಗೊತ್ತು, ಬೆಳ್ಳಿ ಬೆಳ್ಳಗಿರುತ್ತದೆ, ನೀವು ಹೇಳುತ್ತಿರುವುದು ಬೇರೆ ಯಾವುದೋ ಎಂದರು. ವಿಜ್ಞಾನದಲ್ಲಿ ಮಾತಿಗಿಂತ ಪ್ರಯೋಗ ದೊಡ್ಡದು. ಎಲ್ಲರ ಮುಂದೆ ನನ್ನ ತೋರುಬೆರಳಿಗೇ ಒಂದು ಹನಿ ಹಾಕಿಕೊಂಡು, ನಾಳೆ ಬಂದು ನೋಡಿ ಎಂದೆ. ಅಜ್ಜಿ ನನ್ನ ಬೆರಳನ್ನು ನೋಡಿದ ರೀತಿ, ದೂರದ ಊರಿಗೆ ಹೊರಟವರನ್ನು ಬಸ್ಸಿಗೆ ಹತ್ತಿಸಿ ನೋಡುವ ಹಾಗಿತ್ತು.

ಅವರು ನಾಳೆಗೆ ಕಾಯಲಿಲ್ಲ. ಅಂದೇ ಸಂಜೆ ದೇವರು ಹೇಳುವ ಒಬ್ಬ ಮುದುಕನ ಹತ್ತಿರ ಹೋಗಿ, ಮೊಮ್ಮಗಳ ಕೊರಳಿಗೆ ಕರಿದಾರದಲ್ಲಿ ತಾಮ್ರದ ತಾಯತ ಕಟ್ಟಿಸಿದರು. ಮುದುಕ ಒಂದು ನಿಯಮ ಹೇಳಿದ್ದನಂತೆ: ಮೈಮೇಲಿಂದ ತೆಗೆದರೆ ನೆಲಕ್ಕಾಗಲಿ ಹಲಗೆಗಾಗಲಿ ತಾಗಿಸಬಾರದು, ನೀರಿನಲ್ಲಿ ಬಿಡಬೇಕು. ಈ ನಿಯಮ ನೆನಪಿರಲಿ.

ನಾನು ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಪಡುವಣದ ಬಿಸಿಲು ಕೈಮೇಲೆ. ಚಳ್ಳಕೆರೆ ಬರುವಷ್ಟರಲ್ಲಿ ಬೆರಳು ಸುಟ್ಟ ಕಡ್ಡಿಯಂತಾಗಿತ್ತು. ನನ್ನ ತಾಯಿ ನೋಡಿದರು. ವಿವರಣೆಗೆ ಅವಕಾಶವಿರಲಿಲ್ಲ. ಒಣಮೆಣಸಿನಕಾಯಿ, ಉಪ್ಪು, ಪೊರಕೆಕಡ್ಡಿ ಹಿಡಿದು ನಿವಾಳಿಸಿ ಕೆಂಡಕ್ಕೆ ಹಾಕಿದರು. ಘಾಟು ಬಂದರೆ ದೃಷ್ಟಿ ಇಲ್ಲ, ಬಾರದಿದ್ದರೆ ಬಲವಾಗಿದೆ ಎಂದು ಲೆಕ್ಕ.

ಮೆಣಸಿನಕಾಯಿ ಕಣ್ಣೆದುರಿಗೇ ಸುಟ್ಟು ಕರಕಾಯಿತು. ಘಾಟು ಬರಲಿಲ್ಲ. ಯಾರೂ ಕೆಮ್ಮಲಿಲ್ಲ, ಸೀನಲಿಲ್ಲ. ತಾಯಿ ನನ್ನನ್ನೇ ನೋಡುತ್ತಿದ್ದರು.

ಮೆಣಸಿನಕಾಯಿ ಹಸಿ ಆಗಿರಬೇಕು ಎಂದೆ.

"ಈ ಊರಾಗೆ ಹಸಿ ಆಗಿರೋದು ಯಾವುದಪ್ಪ ಐತೆ?" ಎಂದರು ತಾಯಿ.

ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಊರುಗಳಲ್ಲಿ ಒಂದು. ನಾನು ಬೆರಳನ್ನು ಜೇಬಿನೊಳಗೆ ಇಟ್ಟುಕೊಂಡೆ.

೩. ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟದ್ದು

ಜೀಬ್ರಾ ಕೈಕೊಟ್ಟ ಮೇಲೆ ಸರಣಿಯನ್ನು ಮತ್ತೊಮ್ಮೆ ನಿಧಾನವಾಗಿ ಪಾಠ ಮಾಡಿದೆ. ಕರೆಂಟು ಹೋಗಿತ್ತು, ಫ್ಯಾನು ನಿಂತಿತ್ತು, ಗುಡ್ಡದ ಗಾಳಿ ಕಿಟಕಿಯ ಚಿಲಕವನ್ನು ಸಣ್ಣಗೆ ಕುಟ್ಟುತ್ತಿತ್ತು. ಮೇಲಿನ ಲೋಹ ಕೆಳಗಿನದನ್ನು ಹೊರದೂಡುತ್ತದೆ ಎಂದಾಗ ತಾಯತದ ಹುಡುಗಿ ಎದ್ದು ನಿಂತಳು. ಅವಳು ತಾನಾಗಿ ಎದ್ದು ನಿಂತದ್ದು ಅದೇ ಮೊದಲು.

"ಸರ್, ಇದು ಮೈಮೇಲೆ ಬಂದಂಗೆ ಅಲ್ವಾ?"

ಹೇಗೆ ಎಂದೆ. ಯಾರದೋ ಮೈಮೇಲೆ ಸಣ್ಣದೊಂದು ಬಂದು ಕೂತಿರುತ್ತದೆ. ಮನೆಯವರು ಅದಕ್ಕಿಂತ ದೊಡ್ಡದನ್ನು ಕರೆಸುತ್ತಾರೆ. ದೊಡ್ಡದು ಬಂದರೆ ಸಣ್ಣದು ಜಾಗ ಬಿಡಲೇಬೇಕು. ಹಾಗೆಯೇ ಜಿಂಕ್ ಬಂದರೆ ತಾಮ್ರ ಬಿಟ್ಟು ಹೋಗುತ್ತದೆ, ತಾಮ್ರ ಬಂದರೆ ಬೆಳ್ಳಿ ಬಿಟ್ಟು ಹೋಗುತ್ತದೆ. ಸಣ್ಣದು ಬಂದು ದೊಡ್ಡದನ್ನು ಎಬ್ಬಿಸುವುದು ಎಲ್ಲೂ ಇಲ್ಲ. ಪೊಟ್ಯಾಸಿಯಂ ಎಲ್ಲಕ್ಕಿಂತ ಉಗ್ರ. ಚಿನ್ನ ಶಾಂತ, ಅದು ಯಾರ ಮೈಮೇಲೂ ಬರುವುದಿಲ್ಲ. ಇಷ್ಟನ್ನೂ ಅವಳು ಸರಣಿಯ ಕ್ರಮ ಎಲ್ಲೂ ತಪ್ಪದೆ ಹೇಳಿದಳು. ಇಡೀ ತರಗತಿ ಮೊದಲ ಬಾರಿಗೆ ಅರ್ಥವಾದ ಮುಖ ಮಾಡಿತು.

ಇದು ವೈಜ್ಞಾನಿಕ ಭಾಷೆಯಲ್ಲ, ಕೂತುಕೋ ಎಂದೆ. ಬಸ್ಸಿನಲ್ಲಿ ಚಳ್ಳಕೆರೆಯವರೆಗೂ ಅದರಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

ಮರುದಿನದ ಹೊತ್ತಿಗೆ ಮಾತು ಬೆಳೆದಿತ್ತು. ಸೋಡಿಯಂ ಅನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿ ಬೀಗ ಹಾಕಿ ಇಡುವುದೇಕೆ ಎಂದು ಹಿಂದಿನ ಬೆಂಚು ಕೇಳಿತು. ಗಾಳಿ, ನೀರು ತಾಗಿದರೆ ಅದು ಸುಮ್ಮನಿರುವುದಿಲ್ಲ ಎಂದೆ. "ನಾನ್ ಹೇಳ್ಲಿಲ್ವೇನ್ಲೇ, ಕಟ್ಟಿಹಾಕ್ಯಾರೆ" ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ್ದು ನನಗೂ ಕೇಳಿಸಿತು. ಈ ಭ್ರಮೆಯನ್ನು ಅಂದೇ ಮುಗಿಸಬೇಕೆಂದು ಎಲ್ಲರನ್ನೂ ಲ್ಯಾಬಿಗೆ ಕರೆದೊಯ್ದು ಮೇಜಿನಿಂದ ದೂರ ನಿಲ್ಲಿಸಿದೆ. ಅಗಲದ ಗಾಜಿನ ಪಾತ್ರೆಗೆ ನೀರು ತುಂಬಿ, ಕಾಳಿನಷ್ಟು ಸೋಡಿಯಂ ಬಿಟ್ಟೆ.

ಅದು ಉಂಡೆಯಾಯಿತು. ಬುಸ್ಸೆಂದಿತು. ಕಾಲಿಲ್ಲದೆ ನೀರಿನ ಮೇಲೆ ಓಡಿತು. ಪಾತ್ರೆಯ ಅಂಚಿಗೆ ಹೋಗಿ, ಹಿಂದಿರುಗಿ, ಏನನ್ನೋ ಹುಡುಕುವಂತೆ ಸುತ್ತಿತು. ಹಳದಿ ಬೆಂಕಿ ಹತ್ತಿ, ಟಪ್ಪೆಂದು ಒಡೆದು, ಇಲ್ಲವಾಯಿತು. ನೀರು ಮೇಜಿನ ಮೇಲೆಲ್ಲ ಸಿಡಿಯಿತು. ನಾನು ತಿರುಗಿ ನೋಡಿದಾಗ ಅರ್ಧ ತರಗತಿ ಕೈಮುಗಿದು ನಿಂತಿತ್ತು.

ಅವರನ್ನು ಕಳಿಸಿ ಕೈತೊಳೆಯಲು ಹೋದೆ. ಅಷ್ಟರಲ್ಲಿ ಅಟೆಂಡರ್, ಮೇಜನ್ನು ಶುದ್ಧ ಮಾಡಲೆಂದು ಮನೆಯಿಂದ ತಂದಿಟ್ಟುಕೊಂಡಿದ್ದ ಅರಿಶಿನದ ನೀರು ಚಿಮುಕಿಸಿದ್ದಾನೆ. ಹಳದಿ ನೀರು ಮೇಜಿಗೆ ಬಿದ್ದಲ್ಲೆಲ್ಲ ರಕ್ತಗೆಂಪಾಯಿತು.

ಸೋಡಿಯಂ ಬೆರೆತ ನೀರು ಕ್ಷಾರ. ಕ್ಷಾರಕ್ಕೆ ಅರಿಶಿನ ಕೆಂಪಾಗುತ್ತದೆ. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿ ಕೆಂಪು ಮಾಡುವ ಪ್ರತಿ ಮನೆಯವರಿಗೂ ಗೊತ್ತಿರುವ ಸಂಗತಿ. ಇದನ್ನು ಸಮಾಧಾನವಾಗಿ ತಿಳಿಸಲು ನಾನು ಕೈ ಒರೆಸಿಕೊಳ್ಳುತ್ತಾ ತಿರುಗಿದೆ. ಅವನ ಚಪ್ಪಲಿ ಮಾತ್ರ ಅಲ್ಲಿದ್ದವು.

೪. ನರೆತ ತಾಯತ

ಅಂದಿನಿಂದ ಅಟೆಂಡರ್ ಲ್ಯಾಬಿನಲ್ಲಿ ಒಬ್ಬನೇ ಇರುವುದನ್ನು ಬಿಟ್ಟ. ಪ್ರಾಯೋಗಿಕ ಪರೀಕ್ಷೆಯ ದಿನ ಬೆಳಿಗ್ಗೆ, ಸಣ್ಣ ಬಾಟಲಿಗಳಿಗೆ ತುಂಬಲು ಸಿಲ್ವರ್ ನೈಟ್ರೇಟನ್ನು ಒಂದು ಬೀಕರಿಗೆ ಸುರಿದುಕೊಂಡಿದ್ದವನು, ಗಾಳಿಗೆ ಕಿಟಕಿ ಬಡಿದದ್ದೇ ತಡ, ಬೀಕರನ್ನು ಕೊನೆಯ ಮೇಜಿನ ಮೇಲೇ ಬಿಟ್ಟು ಹೊರಗೆ ಹೋದ. ಅದಕ್ಕೆ ಚೀಟಿ ಅಂಟಿಸಿರಲಿಲ್ಲ. ನೋಡಿದವರಿಗೆ ಅದು ನೀರು.

ನಾನು ಬಾಗಿಲಲ್ಲಿದ್ದೆ. ಬರ್ನರಿನ ಹತ್ತಿರ ಕೆಲಸ ಮಾಡುವಾಗ ಕೊರಳಿಂದ ಏನೂ ನೇತಾಡಬಾರದು ಎನ್ನುವುದು ನಿಯಮ. ಸರ, ದಾರ, ತಾಯತ ಎಲ್ಲ ತೆಗೆಯಿರಿ ಎಂದೆ. ನೇಕಾರರ ಹುಡುಗಿ ನನ್ನ ಮುಖ ನೋಡಿದಳು. ನಿಯಮ ಎಲ್ಲರಿಗೂ ಒಂದೇ ಎಂದೆ. ಅವಳು ತಾಯತ ಬಿಚ್ಚಿಕೊಂಡು ಒಳಗೆ ಹೋದಳು. ಅವಳ ಪಾಲಿಗೆ ಬಂದದ್ದು ಕೊನೆಯ ಮೇಜು. ನೆಲಕ್ಕೆ ತಾಗಬಾರದು, ಹಲಗೆಗೆ ತಾಗಬಾರದು, ನೀರಿನಲ್ಲಿ ಬಿಡಬೇಕು. ಎದುರಿಗೇ ನೀರಿತ್ತು. ಬಿಟ್ಟಳು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಮಿತಭಾಷಿ. ಲವಣ ಪರೀಕ್ಷೆ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಬರ್ನರುಗಳ ಸಣ್ಣ ಸದ್ದು ಬಿಟ್ಟರೆ ಏನೂ ಇಲ್ಲ. ಮೇಜುಗಳ ನಡುವೆ ನಡೆದು ಹೋದವರು ಕೊನೆಯಲ್ಲಿ ನಿಂತರು, ನಿಂತೇ ಇದ್ದರು. ಆಮೇಲೆ ನನ್ನನ್ನು ಹತ್ತಿರ ಕರೆದು, ಇಂಗ್ಲಿಷಿನಲ್ಲಿ, ಬಹಳ ಮೆಲ್ಲಗೆ, ಅದು ಬೆಳೆಯುತ್ತಿದೆಯೇ ಎಂದು ಕೇಳಿದರು.

ಬೆಳೆಯುತ್ತಿತ್ತು. ಬೀಕರಿನ ತಳದಲ್ಲಿ ತಾಯತ ಮಲಗಿತ್ತು, ಅದರ ಮೈತುಂಬ ನರೆಗೂದಲು. ಸೂಜಿಯಂತೆ ಸಣ್ಣಗೆ, ಹೊಳೆಯುತ್ತಾ, ನಾವು ನೋಡುತ್ತಿದ್ದಂತೆಯೇ ಒಂದು ಎಳೆ ಉದ್ದವಾಯಿತು. ಸುತ್ತಲಿನ ನೀರು ವಿಷ ಏರಿದ ಮೈಯಂತೆ ನೀಲಿಗೆ ತಿರುಗುತ್ತಿತ್ತು. ಪಕ್ಕದ ಹುಡುಗಿ ನೋಡಿದಳು, ಅವಳ ಕೈಯಿಂದ ಪ್ರನಾಳ ಜಾರಿತು. ಲ್ಯಾಬಿನ ಎಲ್ಲ ತಲೆಗಳೂ ಈ ಕಡೆ ತಿರುಗಿದವು.

ಪರೀಕ್ಷೆಯಲ್ಲಿ ರಾಸಾಯನಿಕವನ್ನು ಕೆಡಿಸಿದರೆ ಅಂಕ ಹೋಗುತ್ತದೆ. ಲಿಖಿತದಲ್ಲಿ ಅವಳು ಅಂಚಿನವಳು, ಇಲ್ಲಿಯ ಅಂಕ ಹೋದರೆ ಮಗ್ಗದ ಗುಂಡಿಯೇ ಎನ್ನುವುದು ಅವಳಿಗೂ ಗೊತ್ತು, ನನಗೂ ಗೊತ್ತು. ಗೊತ್ತು ಎಂಬ ಕಾರಣಕ್ಕೆ ನಿಯಮ ಬಗ್ಗುವುದಿಲ್ಲ. ನಡೆದದ್ದನ್ನು ಪರೀಕ್ಷಕರಿಗೆ ತಿಳಿಸಿದೆ. ಅವರು ಯೋಚಿಸಿ, ಅವಳನ್ನೇ ಕೇಳೋಣ, ಕಾರಣ ಹೇಳಿದರೆ ಅದೇ ಮೌಖಿಕ ಪರೀಕ್ಷೆ, ದೆವ್ವ ಎಂದರೆ ಸೊನ್ನೆ ಎಂದರು. ನ್ಯಾಯ ಅನಿಸಿತು.

ಇದು ಏನು ಎಂದು ಕೇಳಿದೆ.

ಅವಳು ಬೀಕರನ್ನೇ ನೋಡುತ್ತಿದ್ದಳು. ಆಗ ಸದ್ದು ಕೇಳಿಸಿತು. ಟಕ್. ಟಕ್. ಮೇಜಿನ ಕೆಳಗೆ ಅವಳ ಬಲಗಾಲು ಇಲ್ಲದ ಮಗ್ಗದ ತುಳಿಮಣೆಯನ್ನು ತುಳಿಯುತ್ತಿತ್ತು. ತುಟಿ ಅಲುಗುತ್ತಿತ್ತು. ಪರೀಕ್ಷಕರು ಮೇಜಿನ ಕೆಳಗೆ ಬಗ್ಗಿ ನೋಡಿ, ಮತ್ತೆ ನೆಟ್ಟಗಾದರು. ಸೀಸದ ಹತ್ತಿರ ಕಾಲು ಒಂದು ಕ್ಷಣ ನಿಂತಿತು. ಆ ಕ್ಷಣ ನನ್ನ ಬಾಯಿಗೂ ಒಂದು ಪದ ಬಂದಿತ್ತು, ಹಲ್ಲು ಕಚ್ಚಿ ಹಿಡಿದೆ. ಟಕ್. ದಾಟಿದಳು.

"ಸರ್, ಇದು ನೀರಲ್ಲ. ಇದರಾಗೆ ಬೆಳ್ಳಿ ಐತೆ. ತಾಮ್ರ ಬೆಳ್ಳಿಗಿಂತ ಮೇಲಿಂದು. ತಾಮ್ರ ಒಳಕ್ಕೆ ಇಳಿದು ಬೆಳ್ಳೀನ ಎಬ್ಬಿಸೈತೆ. ಈ ನೀಲಿ ತಾಮ್ರದ ಅಯಾನಿಂದು. ಬಿಟ್ಟು ಬಂದ ಬೆಳ್ಳಿ ಎಲ್ಲಿಗೂ ಹೋಗಕ್ಕಾಗ್ದೆ ತಾಯತದ ಮೇಲೇ ಕೂತೈತೆ."

ಪರೀಕ್ಷಕರು ಬೀಕರಿನತ್ತ ಬಗ್ಗಿ, ಇದೇ ತಾಯತ ಚಿನ್ನದ್ದಾಗಿದ್ದರೆ ಎಂದು ಕೇಳಿದರು.

"ಏನೂ ಆಗ್ತಿರಲಿಲ್ಲ ಸರ್. ಚಿನ್ನ ಯಾರ ಮೈಮೇಲೂ ಬರಲ್ಲ."

ಪರೀಕ್ಷಕರು ನನ್ನ ಕಡೆ ನೋಡಿದರು. ಅದು ಈ ಕಡೆಯ ಪಾರಿಭಾಷಿಕ ಪದ ಎಂದೆ. ಅವರು ತಲೆಯಾಡಿಸಿ ಮೌಖಿಕದ ಅಂಕ ಪೂರ್ತಿ ಹಾಕಿದರು. ಚೀಟಿಯಿಲ್ಲದ ದ್ರವವನ್ನು ನೀರೆಂದು ನಂಬಿದ್ದಕ್ಕೆ ನಾನು ಒಂದು ಅಂಕ ಕಳೆದೆ. ಅದನ್ನು ಕಳೆಯಲೇಬೇಕಿತ್ತು.

ಹುಡುಗಿ ಪಾಸಾದಳು, ಅಂಚಿನಲ್ಲೇ, ಆದರೆ ಪಾಸು. ಫಲಿತಾಂಶ ಬಂದ ಮರುದಿನ ಅಜ್ಜಿ ಕಾಲೇಜಿಗೆ ಬಂದರು. ಮೊಮ್ಮಗಳನ್ನು ನರ್ಸಿಂಗಿಗೆ ಸೇರಿಸುವುದು ಖಚಿತ, ಆಡಿದ ಮಾತು ಮಾತೇ ಎಂದು ಹೇಳಿ ನನ್ನ ಕೈಗೆ ಸಕ್ಕರೆ ಹಾಕಿದರು. ಈ ಸಲವೂ ಹೊಸ್ತಿಲು ದಾಟಲಿಲ್ಲ. ಆಮೇಲೆ ಸೊಂಟದ ಚೀಲದಿಂದ ಒಂದು ಡಬ್ಬಿ ತೆಗೆದರು. ಅದರಲ್ಲಿ ಆ ತಾಯತ. ಮುಕ್ಕಾಲು ಕೂದಲು ಉದುರಿ, ಉಳಿದದ್ದು ಬೂದಿಬಣ್ಣಕ್ಕೆ ತಿರುಗಿ ಅಂಟಿಕೊಂಡಿತ್ತು.

ಕೊನೆಗೂ ಓಡಿಹೋಗದ ಒಬ್ಬರು ಸಿಕ್ಕಿದ್ದರು. ನಾನು ಪೂರ್ತಿ ವಿವರಿಸಿದೆ: ತಾಮ್ರ, ಬೆಳ್ಳಿಯ ಅಯಾನು, ಸರಣಿಯಲ್ಲಿ ಯಾವುದು ಮೇಲೆ, ಯಾವುದು ಕೆಳಗೆ, ಇದರಲ್ಲಿ ತಾಯತದ ಶಕ್ತಿ ಏನೂ ಇಲ್ಲ, ಲ್ಯಾಬಿನಲ್ಲಿ ಭಯಪಡುವಂಥದ್ದೂ ಏನೂ ಇಲ್ಲ. ಅಜ್ಜಿ ಒಂದು ಮಾತೂ ಅಡ್ಡ ಹಾಕದೆ ಕೇಳಿದರು. ಡಬ್ಬಿಯ ಮುಚ್ಚಳ ಹಾಕಿದರು.

"ಎಲ್ಲಾ ಸರಿ ಸಾರ್. ನಮ್ಮ ಅಮ್ಮಾಯಿ ಎರಡು ವರ್ಷ ನಿಮ್ಮ ಪಾಠ ತಡಕೊಂಡ್ಲು, ಒಂದು ಕೂದಲು ಬೆಳ್ಳಗಾಗಲಿಲ್ಲ. ಇದು ನಿಮ್ಮ ರೂಮಿನಾಗೆ ಒಂದು ಬೆಳಿಗ್ಗೆ ಕೂತಿತ್ತು, ಪಾಪ, ನೋಡ್ರಿ ಹೆಂಗಾಗೈತೆ."